ಸಂಜೆ ಹೊತ್ತಿಗೆ ಸೊರಗಿದ ಬೋರಮಾಳ

ಕರೆಂಟು ಎಂದರೆ ಎಲ್ಲ ಒಂದೇ ಎಂದು ನಾನು ಬಹುಕಾಲ ನಂಬಿದ್ದೆ. ನಂಬದೆ ಏನು ಮಾಡಲಿ! ಹಲಸೂರಿನ ನಮ್ಮ ಓಣಿಯಲ್ಲಿ ಕರೆಂಟಿಗೆ ಇದ್ದದ್ದು ಎರಡೇ ಗುಣ: ಇದೆ, ಇಲ್ಲ. ಇದ್ದರೆ ಫ್ಯಾನು, ಇಲ್ಲದಿದ್ದರೆ ಬೀಸಣಿಗೆ. ಅದರಲ್ಲೂ ಮಡಿ ಮೈಲಿಗೆ ಉಂಟೆಂದು ಯಾರು ಕಂಡಿದ್ದರು? ಪವರ್ ಸಪ್ಲೈ ಎಂಬ ಡಬ್ಬಿಯ ವಿಚಾರವೂ ಅಷ್ಟೆ. ಗೋಡೆಯಿಂದ ಬರುವ ಕರೆಂಟಿನ ಸೊಕ್ಕು ಇಳಿಸಿ, ಯಂತ್ರಕ್ಕೆ ತಕ್ಕಷ್ಟು ಬಡಿಸುವ ಆಳು ಅದು. ಯಾವ ಆಳಾದರೇನು, ಐದು ವೋಲ್ಟ್ ಎಂದರೆ ಐದು ವೋಲ್ಟ್ ಎಂದುಕೊಂಡಿದ್ದೆ. ನನ್ನ ಹೊಟ್ಟೆಪಾಡೇ ಎಲೆಕ್ಟ್ರಾನಿಕ್ಸು ಎಂಬುದನ್ನು ಇಲ್ಲಿ ಹೇಳದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಮುಂದೆ ಹೇಗೂ ಹೋಗುವ ಮರ್ಯಾದೆ!

ಗರುಡಾಚಾರ್‌ಪಾಳ್ಯದಲ್ಲಿ ದೊಡ್ಡಮುನಿಯಪ್ಪನವರು ತಮ್ಮ ರಾಗಿ ಹೊಲದಲ್ಲಿ ಶೆಡ್ಡು ಹಾಕಿ ಎಲೆಕ್ಟ್ರಾನಿಕ್ ತಕ್ಕಡಿ ಮಾಡಿಸುತ್ತಿದ್ದರು. ಆ ಕಾರ್ಖಾನೆಯ ವಿನ್ಯಾಸ ವಿಭಾಗದ ಮುಖ್ಯಸ್ಥ ನಾನು. ವಿಭಾಗದ ಉಳಿದ ಸದಸ್ಯರೂ ನಾನೇ. ನಮ್ಮ ತಕ್ಕಡಿಗಳು ತರಕಾರಿ ಅಂಗಡಿಗೆ ಹೋಗುತ್ತಿದ್ದವು. ಬದನೆಕಾಯಿ ಹತ್ತು ಗ್ರಾಂ ಆಚೆಈಚೆ ಆದರೆ ಯಾರೂ ಕೋರ್ಟಿಗೆ ಹೋಗುವುದಿಲ್ಲ; ನೆಮ್ಮದಿಯಾಗಿದ್ದೆ.

ಒಂದು ದಿನ ದೊಡ್ಡಮುನಿಯಪ್ಪನವರು ಕರೆದರು. "ದತ್ತು ಅವ್ರೇ, ಎಷ್ಟು ದಿನ ಅಂತ ಟೊಮೇಟೊ ತೂಗೋದು? ಕಮರ್ಷಿಯಲ್ ಸ್ಟ್ರೀಟ್‌ನಾಗೆ ನೋಡಿ, ಅಂಗಡಿಗೊಂದು ಚಿನ್ನದ ತಕ್ಕಡಿ. ನಾವೂ ಒಂದು ಮಾಡಣ. ಆಯ್ತದಾ?"

"ಆಯ್ತದಾ ಅಂತ ಕೇಳ್ತೀರಾ ಸಾರ್? ಆಗೋಯ್ತು ಅನ್ಕೊಳ್ಳಿ!"

ಆಗೋಯ್ತು ಅಂದುಕೊಂಡ ಮೇಲೆ ಪುಸ್ತಕ ತೆಗೆದು ನೋಡಿದೆ. ತಟ್ಟೆಯ ಮೇಲೆ ಬಂಗಾರ ಇಟ್ಟಾಗ ಕೆಳಗಿನ ಲೋಹದ ತುಂಡು ಕೂದಲೆಳೆಯಷ್ಟು ಬಾಗುತ್ತದೆ. ಆ ಬಾಗು ಒಂದು ಅತಿ ಸಣ್ಣ ವೋಲ್ಟೇಜಾಗುತ್ತದೆ. ಅದನ್ನು ಅಳೆದು ಅಂಕಿಯಾಗಿಸುವುದು ಕನ್ವರ್ಟರ್ ಎಂಬ ಚಿಪ್ಪು. ಬಲು ಸೂಕ್ಷ್ಮ ಸ್ವಭಾವದ ಪ್ರಾಣಿ. ತಾನು ಉಣ್ಣುವ ಕರೆಂಟಿನಲ್ಲೇ ಅಲೆ ಎದ್ದರೆ, ಬಂಗಾರದಿಂದ ಬಂದದ್ದು ಎಷ್ಟು, ಅಲೆಯಿಂದ ಬಂದದ್ದು ಎಷ್ಟು ಎಂದು ಅದಕ್ಕೆ ತಿಳಿಯುವುದಿಲ್ಲ. ಎರಡನ್ನೂ ಕೂಡಿಸಿ ಹೇಳಿಬಿಡುತ್ತದೆ. ಅಂದರೆ ತಕ್ಕಡಿಯ ಸತ್ಯಸಂಧತೆ ನಿಂತಿರುವುದು ಪವರ್ ಸಪ್ಲೈ ಎಂಬ ಆಳಿನ ಮೇಲೆ!

ಅಂದೇ ಪ್ರತಿಜ್ಞೆ ಮಾಡಿದೆ. ಬೆಂಗಳೂರಿನ ಪೂರ್ವಭಾಗದಲ್ಲಿ ಹಿಂದೆಂದೂ ಯಾರೂ ಕಾಣದಷ್ಟು ಶುದ್ಧವಾದ ಕರೆಂಟನ್ನು ಆ ಚಿಪ್ಪಿಗೆ ಉಣಿಸುವೆ! ಗಂಗೆಯಷ್ಟು ನಿರ್ಮಲ! ಗಂಗಾ ಎಂಬುದು ನನ್ನ ಹೆಂಡತಿಯ ಹೆಸರೂ ಹೌದು. ಪ್ರತಿಜ್ಞೆ ಕೇಳಿದ ಆಕೆ, "ಮೊದ್ಲ ಬಚ್ಚಲದಾಗಿಂದು ಆ ಹಳದಿ ನೀರಿನ ಬಾಟ್ಲಿ ತಗೀರಿ. ಬಚ್ಚಲಾ ನಿರ್ಮಲ ಆಗ್ಲಿ," ಎಂದಳು. ಸರ್ಕ್ಯೂಟ್ ಬೋರ್ಡಿನ ತಾಮ್ರ ಕರಗಿಸುವ ದ್ರಾವಣ ಅದು. ಕಲಬುರಗಿ ಬಿಟ್ಟು ಬಂದು ಹನ್ನೆರಡು ವರ್ಷವಾದರೂ ನನ್ನ ವಿಜ್ಞಾನದ ಬಗ್ಗೆ ಆಕೆಯ ಅಭಿಪ್ರಾಯವಾಗಲಿ, ಆಕೆಯ ಭಾಷೆಯಾಗಲಿ ಕಿಂಚಿತ್ತೂ ಬದಲಾಗಿರಲಿಲ್ಲ.

ಶೆಡ್ಡಿನ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ. ಆತ ಬೆಸುಗೆ ಹಾಕಿದಾಗಲೆಲ್ಲ ನನ್ನ ಮೀಟರಿನ ಮುಳ್ಳು ಮೂರ್ಛೆ ಹೋಗುತ್ತಿತ್ತು. ಆದ್ದರಿಂದ ತಕ್ಕಡಿಗೆ ಹಿತ್ತಾಳೆಯ ತೂಕದ ಬಟ್ಟಿಟ್ಟು ತೂಕ ಸರಿಮಾಡಿಕೊಂಡು, ಶುಕ್ರವಾರ ಮನೆಗೇ ಹೊತ್ತು ತಂದೆ. ಜೊತೆಗೆ ಹೊಸ ಮಾದರಿಯ, ಹಗುರವಾದ, ಅಂಗೈಯಗಲದ ಪವರ್ ಸಪ್ಲೈ. ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಬಡಿಸುವ ಜಾತಿ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಅದೇ ಎಂದ ಮೇಲೆ ಕಡಿಮೆಯದೇ?

ಮನೆಗೆ ಬಂದ ಮೇಲೆ ನೋಡುತ್ತೇನೆ, ಬಟ್ಟುಗಳನ್ನು ಶೆಡ್ಡಿನಲ್ಲೇ ಬಿಟ್ಟು ಬಂದಿದ್ದೇನೆ! ತಕ್ಕಡಿ ಪರೀಕ್ಷಿಸಲು ತೂಕ ಖಚಿತವಾಗಿ ಗೊತ್ತಿರುವ ವಸ್ತು ಬೇಕಲ್ಲ? ನಮ್ಮ ಮನೆಯಲ್ಲಿ ಅಂಥದ್ದು ಒಂದೇ: ಗಂಗಾಳ ಬೋರಮಾಳ ಸರ. ಬೋರೆಹಣ್ಣಿನಂಥ ಬಂಗಾರದ ಗುಂಡು ಪೋಣಿಸಿದ ಆ ಸರವನ್ನು ಮದುವೆಯಲ್ಲಿ ನನ್ನ ಅತ್ತೆ ಭೀಮಬಾಯಿಯವರು ಹಾಕಿದ್ದರು. ತೂಕ ಮೂವತ್ತೈದು ಗ್ರಾಂ. ಅದನ್ನು ಮದುವೆ ಮಂಟಪದಲ್ಲಿ ಹೇಳಿದರು, ಸೀಮಂತದಲ್ಲಿ ಹೇಳಿದರು, ಒಮ್ಮೆ ಶಿವಾಜಿನಗರದ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಅಪರಿಚಿತ ಹೆಂಗಸಿಗೂ ಹೇಳಿದರು. ಅಷ್ಟು ಜಗಜ್ಜಾಹೀರಾದ ತೂಕ!

ಸರವನ್ನು ತಟ್ಟೆಯ ಮೇಲಿಟ್ಟೆ. ತಕ್ಕಡಿ 35.40 ಎಂದಿತು. ಕಣ್ಣು ಮಿಟುಕಿಸುವಷ್ಟರಲ್ಲಿ 34.70. ಮತ್ತೆ 35.90.

ಗಂಗಾ ಬಗ್ಗಿ ನೋಡಿದಳು. "ಏನ್ರೀ, ನನ್ನ ಸರ ಉಸರಾಡ್ಲಿಕತ್ತದೇನು?"

"ಕತ್ತರಿಸೋ ಹೊಡ್ತಕ್ಕ ಕರೆಂಟಿನ್ಯಾಗ ಅಲೆ ಎದ್ದದ, ಹೊಲಸಾಗ್ಯದ. ನಾಳೆ ಸ್ವಚ್ಛ ಮಾಡ್ತೀನಿ."

"ಸರಕ್ಕೇನೂ ಆಗಂಗಿಲ್ಲ ಹೌದಿಲ್ಲೊ?"

"ನಾ ಇರ್ಬೇಕಾದ್ರ ಏನಾಗ್ತದ?"

ಈ ಮಾತು ಆಡಬಾರದಿತ್ತು.

ಶನಿವಾರ ಬೆಳಿಗ್ಗೆ ಶಿವಾಜಿನಗರಕ್ಕೆ ಹೋದೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಜಿಯಾವುಲ್ಲಾ ನನಗೆ ಹಳೆಯ ಪರಿಚಯ. ಕಬ್ಬಿಣದ ಪಟ್ಟಿ, ತಾಮ್ರದ ತಂತಿ. ಗೋಡಂಬಿ ಡಬ್ಬಿಯಷ್ಟು ಗಾತ್ರ, ಅಮ್ಮಿಕಲ್ಲಿನಷ್ಟು ಭಾರ. ಕತ್ತರಿಸುವ ಗೊಡವೆಯಿಲ್ಲದೆ ಕರೆಂಟನ್ನು ನಿಧಾನವಾಗಿ ಇಳಿಸಿ ಕೊಡುವ ಹಳೆಯ ಕಾಲದ ಸಜ್ಜನ. ಪುಸ್ತಕವೂ ಸೂಕ್ಷ್ಮ ಕನ್ವರ್ಟರಿಗೆ ಇದೇ ಉತ್ತಮ ಎಂದಿತ್ತು.

"ಕಿತ್ನಾ ವೋಲ್ಟ್ ಸಾಬ್? ಆರು ಕೊಡ್ಲಾ, ಒಂಬತ್ತು ಕೊಡ್ಲಾ?"

"ನನ್ನ ಚಿಪ್ಪಿಗೆ ಬೇಕಾದ್ದು ಐದು. ಒಂಬತ್ತು ತಗೊಂಡು ನಾಕು ಸುಟ್ಟು ಬಿಸಿ ಮಾಡ್ಲಾ ಭಾಯ್? ದುಂದು! ಆರೇ ಕೊಡಿ."

"ನಿಮ್ಮ ಮರ್ಜಿ ಸಾಬ್," ಎಂದು ಜಿಯಾವುಲ್ಲಾ ಆರನ್ನೇ ಕಾಗದದಲ್ಲಿ ಸುತ್ತಿಕೊಟ್ಟ.

ಮಧ್ಯಾಹ್ನದೊಳಗೆ ಬೆಸುಗೆ ಮುಗಿಸಿ, ಸರ ಇಟ್ಟೆ. 35.00! ಕಾದೆ. 35.00! ಮೇಜು ಕುಟ್ಟಿದೆ, ಕೆಮ್ಮಿದೆ, ಒಂದು ಲೋಟ ಚಹಾ ಕುಡಿದು ಬಂದೆ. ಧ್ರುವನಕ್ಷತ್ರ ಅಲುಗಾಡೀತು, ಆ ಅಂಕಿ ಅಲುಗಾಡಲಿಲ್ಲ. ಗಂಗಾಳನ್ನು ಕರೆದು ತೋರಿಸಿದೆ. ಆಕೆ ನೋಡಿ, "ಅವ್ವ ಹೇಳಿದ್ದು ಖರೇನ ಅದ," ಎಂದಳು. ಹನ್ನೆರಡು ವರ್ಷದಿಂದ ಅನುಮಾನವಿತ್ತೋ ಏನೋ! ನನ್ನ ವಿಜ್ಞಾನದಿಂದ ನಮ್ಮ ಅತ್ತೆಯ ಮರ್ಯಾದೆ ಉಳಿಯಿತು ಎಂಬ ಹೆಮ್ಮೆಯಲ್ಲಿ ನಾನು ಎದ್ದು ಹೋಗಿ ಕೃಷ್ಣರಾಜಪುರಕ್ಕೇ ಫೋನು ಮಾಡಿದೆ.

ಯಾಕೆಂದರೆ ಅತ್ತೆಯವರು ಆಗ ಅಲ್ಲಿದ್ದರು. ಗಂಗಾಳ ತಮ್ಮ ಶರಣಬಸವ ಅಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮರುದಿನ ಭಾನುವಾರ ಅವನ ನಿಶ್ಚಿತಾರ್ಥ. ಸೊಸೆಯಾಗುವವಳ ಕೊರಳಿಗೆ ಹಾಕಲು ಅತ್ತೆಯವರು ಮಗಳಿಗೆ ಮಾಡಿಸಿದಂಥದೇ ಇನ್ನೊಂದು ಬೋರಮಾಳ ಮಾಡಿಸಿದ್ದರು. ಅಷ್ಟೇ ಗುಂಡು, ಅಷ್ಟೇ ತೂಕ. ಮಗಳಿಗೊಂದು ಸೊಸೆಗೊಂದು ಎಂಬ ಭೇದ ಇರಬಾರದು ಎಂಬುದು ಅವರ ಹಟ. ಕಲಬುರಗಿಯಲ್ಲಿ ಅಕ್ಕಸಾಲಿಗನ ಹತ್ತಿರ ಮಾಡಿಸಿ ತಂದವನು ಶರಣಬಸವನೇ.

"ಹೊಸ ಸರಾನೂ ತರ್ರಿ ಅತ್ತಿ. ಇಡೀ ಬೆಂಗಳೂರಿನ್ಯಾಗ ಇಲ್ಲದಂಥ ತಕ್ಕಡಿ ಮಾಡೀನಿ. ತೂಗಿ ತೋರಸ್ತೀನಿ!" ಎಂದೆ.

ಅವರು ಬಂದು ತಲುಪುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಓಣಿಯಲ್ಲಿ ಮನೆಮನೆಗೂ ದೀಪ, ಮನೆಮನೆಗೂ ಟೀವಿ, ಮನೆಮನೆಗೂ ಮಿಕ್ಸಿ. ನಮ್ಮ ಬಲ್ಬು ಎಂದಿನಂತೆ ಕುಂಬಳಕಾಯಿಯ ಬಣ್ಣಕ್ಕೆ ತಿರುಗಿತ್ತು. ನಾನು ಮೇಜಿಗೆ ಬಿಳಿಯ ಬಟ್ಟೆ ಹಾಸಿ, ತಕ್ಕಡಿ ಇಟ್ಟು, ಪೀಠಿಕೆಯ ಭಾಷಣ ಮಾಡಿದೆ. ಶುದ್ಧ ಕರೆಂಟಿನ ಮಹಿಮೆ, ಅಶುದ್ಧ ಕರೆಂಟಿನ ಕೇಡು. ಅತ್ತೆಯವರು ಸೆರಗಿನ ಗಂಟು ಬಿಚ್ಚಿ ಹೊಸ ಸರ ತೆಗೆದರು. "ಸಾಕು ತೂಗ್ರಿ," ಎಂದರು.

ಇಟ್ಟೆ. 32.40.

"ಎಷ್ಟು?" ಎಂದರು ಅತ್ತೆ.

"ಮೂವತ್ತೆರಡು ಚಿಲ್ಲರೆ."

ಅತ್ತೆಯವರು ಸರ ಎತ್ತಿಕೊಂಡು ಗುಂಡು ಎಣಿಸಿದರು. ಎಲ್ಲ ಇದ್ದವು. ಒಂದು ಗುಂಡನ್ನು ಉಗುರಿನಿಂದ ಒತ್ತಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಗುಂಡು ಸರಿ ಅವ, ತೂಕ ಇಲ್ಲ. ತೆಳ್ಳಗ ಬಡದಾನ. ನಮ್ಮ ಹಳೀ ಅಕ್ಕಸಾಲಿ ಬ್ಯಾಡ, ನನ್ನ ದೋಸ್ತನ ಅಪ್ಪ ಚಲೋ ಮಾಡ್ತಾನ ಅಂದಿ. ಚಲೋನೇ ಮಾಡ್ಯಾನ! ನಿನಗೆಷ್ಟು ಕೊಟ್ಟಾನಲೇ?"

"ಅವ್ವ! ನಿನ್ನಾಣೆ, ನಾ ಏನೂ—"

"ಆಣಿ ಇರ್ಲಿ. ಕೈಯಾಗಿನ ಈ ಹೊಸಾ ವಾಚು ಎಲ್ಲಿಂದು?"

"ಬೋನಸ್ಸಿಂದು ಅವ್ವ!"

"ಯಾವ ಬೋನಸ್ಸು? ದೀಪಾವಳಿ ಇನ್ನೂ ಎಲ್ಲ್ಯದ!"

ಶರಣಬಸವನ ಮುಖ ಬಲ್ಬಿಗಿಂತ ಕಂದಿತು. ನಾಳೆ ಬೆಳಗಾದರೆ ಬೀಗರ ಮುಂದೆ ಅದೇ ಸರ ಹಾಕಬೇಕು, ಅದೇ ತಾಯಿ ಪಕ್ಕದಲ್ಲಿ ಕೂರಬೇಕು. ಅತ್ತೆಯವರೋ ಸರವನ್ನು ಮತ್ತೆ ಗಂಟು ಕಟ್ಟುತ್ತ, "ಕಡಿಮಿ ಬಂಗಾರ ನಾ ಯಾರ ಕೊಳ್ಳಿಗೂ ಹಾಕಂಗಿಲ್ಲ. ನಾಳಿನ ಕಾರ್ಯ ಮುಂದಕ್ಕ ಹಾಕ್ರಿ. ಮೊದ್ಲ ಆ ಅಕ್ಕಸಾಲಿ ಮನೀಗೆ ಹೋಗೂಣು," ಎಂದರು. ಅವರು ಒಮ್ಮೆ ಹೇಳಿದರೆ ಮುಗಿಯಿತು. ರೈಲು ಹಿಂದಕ್ಕೆ ಬಂದೀತು, ಅವರ ಮಾತು ಬಾರದು.

ಹುಡುಗ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಾಡುತ್ತಿತ್ತು. "ಭಾವ, ನಿಮ್ಮ ತಕ್ಕಡಿ ತಪ್ಪಿರ್ಬಹುದಲ್ಲ?"

ಇಲ್ಲಿ ನಾನು ಒಬ್ಬ ಮನುಷ್ಯನಂತೆ ಉತ್ತರಿಸಬಹುದಿತ್ತು. ವಿನ್ಯಾಸ ವಿಭಾಗದ ಮುಖ್ಯಸ್ಥನಂತೆ ಉತ್ತರಿಸಿದೆ.

"ಶರಣಬಸವ, ಬೇಕಾದ್ರ ನನ್ನ ಮ್ಯಾಲೆ ಅನುಮಾನ ಪಡು. ನನ್ನ ಪವರ್ ಸಪ್ಲೈ ಮ್ಯಾಲೆ ಪಡಬ್ಯಾಡ! ಮಧ್ಯಾಹ್ನ ನಿಮ್ಮಕ್ಕನ ಸರ ತೂಗೀನಿ. ಮೂವತ್ತೈದು! ಒಂದು ಕೂದಲು ಆಕಡಿ ಇಲ್ಲ, ಈಕಡಿ ಇಲ್ಲ. ಕೇಳು ನಿಮ್ಮಕ್ಕನ್ನ!"

ಗಂಗಾ ತಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಹಂಗಾದ್ರ ಈಗೊಮ್ಮೆ ನಂದೂ ಇಡ್ರಿ," ಎಂದಳು.

"ಅಗತ್ಯ ಇಲ್ಲ!"

"ಇಡ್ರಿ ಅಂದ್ರ."

ಕೊರಳಿಂದ ತೆಗೆದು ತಾನೇ ಇಟ್ಟಳು. 32.10.

ಪ್ರಿಯ ಓದುಗರೇ, ಒಬ್ಬ ಮನುಷ್ಯ ಕೊಂಬೆಯ ತುದಿಯಲ್ಲಿ ಕುಳಿತು ಬುಡ ಕಡಿದದ್ದನ್ನು ನೀವು ಕೇಳಿದ್ದೀರಿ. ನಾನು ಕಡಿದದ್ದಲ್ಲದೆ, ಗರಗಸ ಬಲು ಹರಿತವಾಗಿದೆ ಎಂದು ಪ್ರಮಾಣವನ್ನೂ ಮಾಡಿದ್ದೆ! ಗಂಗಾ ಸರ ಎತ್ತಿಕೊಂಡು ಎದೆಗೆ ಒತ್ತಿಕೊಂಡಳು.

"ಮಧ್ಯಾಹ್ನ ಮೂವತ್ತೈದಿತ್ತು. ನಾನೇ ನೋಡೀನಿ. ಈಗ ಮೂರು ಗ್ರಾಂ ಎಲ್ಲಿ ಹೋತು?"

"ಅದು… ಗಂಗಾ…"

"ನಾ ಸಂತಿಗೆ ಹೋದಾಗ ಸರ ಯಾರ ಕಡೆ ಇತ್ತು?"

ನನ್ನ ಕಡೆ ಇತ್ತು. ಒಬ್ಬನೇ ಕೂತು ಮತ್ತೆ ಮತ್ತೆ ತೂಗಿ ಆನಂದಪಟ್ಟಿದ್ದೆ. ಇದನ್ನು ಹೇಳಿದರೆ ಯಾರು ನಂಬುತ್ತಾರೆ?

ಆರೋಪಿಯ ಸ್ಥಾನದಿಂದ ಬಿಡುಗಡೆಯಾದ ಶರಣಬಸವನಿಗೆ ಹೋದ ಜೀವ ಬಂತು. ಬಂದ ಜೀವದಲ್ಲಿ ನನ್ನ ಜೀವ ತೆಗೆಯುವ ಮಾತಾಡಿದ. "ಅಕ್ಕ, ಬಂಗಾರ ಆಸಿಡ್‌ನ್ಯಾಗ ಅದ್ದಿ ಇಳಸ್ತಾರಂತ. ಗುಂಡು ಹಂಗಾ ಇರ್ತಾವ, ತೂಕ ಕಡಿಮಿ ಆಗ್ತದ."

ಗಂಗಾ ನಿಧಾನವಾಗಿ ಬಚ್ಚಲ ಕಡೆ ತಿರುಗಿದಳು. "ಹಳದಿ ನೀರು!"

"ಅಯ್ಯೋ, ಅದು ತಾಮ್ರ ತಿನ್ನೋದು ಕಣೇ! ಬಂಗಾರ ಮುಟ್ಟಂಗಿಲ್ಲ!" ಎಂದೆ, ಗಾಬರಿಯಲ್ಲಿ ಎರಡು ಊರಿನ ಕನ್ನಡವೂ ಬೆರೆತು.

ಅತ್ತೆಯವರು ಆ ತನಕ ಗೋಡೆಗೆ ಒರಗಿ ಕೂತಿದ್ದರು. "ತಾಮ್ರ ತಿನ್ನೂದು ಬಂಗಾರ ಸಿಕ್ರ ಬಿಡ್ತದೇನ್ರಿ ಅಳಿಯಂದ್ರ?" ಎಂದರು, ತಣ್ಣಗೆ.

ಈಗ ನನ್ನ ಪರಿಸ್ಥಿತಿ ಯೋಚಿಸಿ. ಹತ್ತು ನಿಮಿಷದ ಹಿಂದೆ ಜಗತ್ತಿನಲ್ಲೇ ಶ್ರೇಷ್ಠ ಎಂದು ಎದೆ ತಟ್ಟಿ ಹೊಗಳಿದ ಪವರ್ ಸಪ್ಲೈಯನ್ನು, ಅದು ಶುದ್ಧ ಅಯೋಗ್ಯ, ಕಡು ಸುಳ್ಳ, ಮನೆಹಾಳ ಎಂದು ನಾನೇ ಸಾಬೀತು ಮಾಡಬೇಕು! ಅಷ್ಟರಲ್ಲಿ ಮನೆಯ ಮಾಲೀಕರು ನೀರಿನ ಮೋಟಾರು ಹಾಕಿದರು. ಬಲ್ಬು ಇನ್ನಷ್ಟು ಕುಗ್ಗಿತು. ಗಂಗಾಳ ಕೈಯಿಂದಲೇ ತಟ್ಟೆಯ ಮೇಲೆ ಮತ್ತೆ ಇಡಿಸಿದ್ದ ಸರ ಎಲ್ಲರ ಕಣ್ಣೆದುರೇ 30.80ಕ್ಕೆ ಇಳಿಯಿತು.

"ನೋಡ್ರಿ, ನೋಡ್ರಿ!" ಎಂದು ಕುಣಿದೆ. "ಈಗ ನಾ ಮುಟ್ಟೀನೇನು? ದೂರ ನಿಂತೀನಿ! ಇಲ್ಲಿಂದಾ ಕದ್ನೇನು?"

ಆಗ ಹೊಳೆಯಿತು ನನಗೆ. ಟ್ರಾನ್ಸ್‌ಫಾರ್ಮರಿಗೂ ಚಿಪ್ಪಿಗೂ ನಡುವೆ ಕೂತು ಐದು ವೋಲ್ಟನ್ನು ಬಿಗಿಯಾಗಿ ಹಿಡಿದು ಕೊಡುವ ರೆಗ್ಯುಲೇಟರಿಗೆ ತನ್ನ ಬೆನ್ನ ಹಿಂದೆ ಒಂದೆರಡು ವೋಲ್ಟ್ ಹೆಚ್ಚಿಗೆ ಇರಲೇಬೇಕು. ನಾನು ದುಂದು ಎಂದು ಬಿಟ್ಟು ಬಂದೆನಲ್ಲ, ಅದೇ! ಹಗಲು ಗೋಡೆಯ ಕರೆಂಟು ಗಟ್ಟಿಯಾಗಿತ್ತು. ಆರರ ಟ್ರಾನ್ಸ್‌ಫಾರ್ಮರಿನಲ್ಲೂ ಹೇಗೋ ನಡೆಯಿತು. ಸಂಜೆ ಓಣಿಗೆ ಓಣಿಯೇ ದೀಪ ಹಚ್ಚಿದಾಗ ಅದು ಸೋತಿತು, ಐದು ನಾಲ್ಕಾಯಿತು. ಉಪವಾಸ ಬಿದ್ದ ತಕ್ಕಡಿ ಬಂಗಾರವನ್ನೂ ಉಪವಾಸ ಕೆಡವಿತು. ಶುದ್ಧಿಯ ಗುಂಗಿನಲ್ಲಿ ನಾನು ಹೊಟ್ಟೆ ತುಂಬುವುದನ್ನೇ ಮರೆತಿದ್ದೆ.

ಮೀಟರು ಹಿಡಿದು ಇದನ್ನೆಲ್ಲ ವಿವರಿಸಿದೆ. ಅತ್ತೆಯವರು ಮೀಟರನ್ನು ನೋಡಿದರು. "ಇದೂ ನೀವಾ ಮಾಡಿದ್ದೇನು?" ಎಂದರು.

ಇನ್ನು ಒಂದೇ ದಾರಿ. ಓಣಿಯ ಹಂಗಿಲ್ಲದ, ಅಲೆಯಿಲ್ಲದ ಕರೆಂಟು ಬೇಕು. "ಗಂಗಾ, ಬ್ಯಾಟರಿ ತಾ!" ಕರೆಂಟು ಹೋದಾಗ ಹಿಡಿಯುವ ಟಾರ್ಚಿನಿಂದ ಮೂರು ಸೆಲ್ಲು, ರೇಡಿಯೋದಿಂದ ಮೂರು ಸೆಲ್ಲು ಕಿತ್ತೆ; ಒಟ್ಟು ಒಂಬತ್ತು ವೋಲ್ಟ್. ಒಂದರ ಹಿಂದೊಂದು ಸಾಲಾಗಿ ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಸುರುಳಿ ಸುತ್ತಿದೆ. ಎರಡು ತುದಿಗೂ ತಕ್ಕಡಿಯ ತಂತಿ ಒತ್ತಿ ಹಿಡಿಯಲು ಆಳು ಬೇಕು, ಶರಣಬಸವನೇ ಸಿಕ್ಕ. ಆತ ಎರಡೂ ಕೈಯಲ್ಲಿ ಶಾವಿಗೆ ಒರಳು ಹಿಡಿದವನಂತೆ ಅದುಮಿಕೊಂಡು ಕೂತ.

"ಭಾವ, ಬೆರಳು ನೋಯ್ಲಿಕತ್ತಾವ. ಬಿಡ್ಲಾ?"

"ಬಿಟ್ರ ನಿನ್ನ ನಿಶ್ಚಿತಾರ್ಥ ಬಿಟ್ಟಂಗ!"

ಇನ್ನಷ್ಟು ಅದುಮಿದ. ಅಂಕಿ ಮೂಡಿತು. ಗಂಗಾ ತನ್ನ ಸರ ಇಟ್ಟಳು. 35.00. ಮೋಟಾರು ಗುರ್ರೆನ್ನುತ್ತಲೇ ಇತ್ತು, ಬಲ್ಬು ಕುಂಬಳಕಾಯಿಯಾಗಿಯೇ ಇತ್ತು, ಅಂಕಿ ಮಾತ್ರ ಕದಲಲಿಲ್ಲ. ಆಕೆಯ ಕೈ ತಾನಾಗಿ ತಮ್ಮನ ಬೆನ್ನ ಮೇಲೆ ಹೋಯಿತು. "ಅವ್ವ, ಆ ಸರಾನೂ ಕೊಡು," ಎಂದಳು.

ಅತ್ತೆಯವರು ಮತ್ತೆ ಗಂಟು ಬಿಚ್ಚಿದರು. ಶರಣಬಸವ ಉಸಿರು ಬಿಗಿಹಿಡಿದ. ಉಸಿರಿನ ಜೊತೆ ಸೆಲ್ಲನ್ನೂ. ಹೊಸ ಸರ ತಟ್ಟೆಗೆ ಬಿತ್ತು.

35.00.

ಅತ್ತೆಯವರು ಅಂಕಿಯನ್ನು ಬೆರಳಿಂದ ತೋರಿಸಿ ಓದಿಸಿಕೊಂಡರು, ಎರಡು ಸರವನ್ನೂ ಒಮ್ಮೆ ಅದಲು ಬದಲು ಮಾಡಿಸಿ ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ಮಗನ ಕೈಯಿಂದ ಸೆಲ್ಲಿನ ಸುರುಳಿ ಬಿಡಿಸಿ, ಕೆಂಪಾಗಿದ್ದ ಬೆರಳುಗಳನ್ನು ಸೆರಗಿನಲ್ಲಿ ಒತ್ತಿದರು. "ವಾಚು ಚಲೋ ಅದ ಬಿಡು," ಎಂದರು. ಅವರ ಕಡೆಯಿಂದ ಕ್ಷಮಾಪಣೆ ಎಂದರೆ ಅಷ್ಟೇ. ಅದಕ್ಕಿಂತ ದೊಡ್ಡದು ನಾನು ಕಂಡಿಲ್ಲ. "ನಾಳೆ ಲಗೂನ ಏಳ್ರಿ ಎಲ್ಲಾರು. ಬೀಗರು ಬರೂಕಿಂತ ಮೊದ್ಲ ನಾವಿರ್ಬೇಕು."

ಹುಡುಗ ನಕ್ಕ. ಗಂಗಾ ಸಜ್ಜಕ ಮಾಡಲು ಒಲೆ ಹಚ್ಚಿದಳು. ನಾನು ಆರು ವೋಲ್ಟಿನ ಆ ಸಜ್ಜನನನ್ನು ಬೆಸುಗೆಯಿಂದ ಬಿಡಿಸಿ ಪೆಟ್ಟಿಗೆಗೆ ಹಾಕಿದೆ. ಸೋಮವಾರ ಒಂಬತ್ತರದನ್ನು ತರುವಾಗ ಜಿಯಾವುಲ್ಲಾನ ಮುಖ ಹೇಗೆ ನೋಡುವುದೆಂದು ಲೆಕ್ಕ ಹಾಕುತ್ತಿದ್ದೆ. ಸಜ್ಜಕ ತಟ್ಟೆಗೆ ಬಂತು. ತುಪ್ಪವೂ ಬಂತು. ಎಲ್ಲ ಮರೆತು ಎಲ್ಲರೂ ತಿನ್ನುತ್ತಿದ್ದರು. ಆದರೆ ನನಗೊಂದು ಮುಳ್ಳು ಒಳಗೇ ಉಳಿದಿತ್ತು. ಹೆಂಡತಿ ಅಂದದ್ದು ಹೋಗಲಿ, ಹುಡುಗ ಅಂದದ್ದು ಹೋಗಲಿ, ಅತ್ತೆಯವರೂ! ಹನ್ನೆರಡು ವರ್ಷದ ಅಳಿಯನ ಮೇಲೆ!

ತಡೆಯಲಾಗದೆ ಕೇಳಿಯೇಬಿಟ್ಟೆ. "ಅತ್ತಿ, ಖರೇ ಹೇಳ್ರಿ. ನಾ ನಿಮ್ಮ ಮಗಳ ಬಂಗಾರ ಕದ್ದೀನಿ ಅಂತ ಒಂದು ಗಳಿಗಿನಾದ್ರೂ ನಂಬಿದ್ರೇನು?"

ಅವರು ತುತ್ತು ನುಂಗಿ, ನೀರು ಕುಡಿದು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಇಲ್ರೀ ಅಳಿಯಂದ್ರ. ಗುಂಡು ಗುಂಡಿನಂಗಾ ಇಟ್ಟು ಮೂರು ಗ್ರಾಂ ಇಳಸ್ಬೇಕಂದ್ರ, ಕೆಲಸ ಬರ್ಬೇಕು."